19ನೇ ಶತಮಾನದ ಅಮೆರಿಕದ ದೊಡ್ಡ ಕುಟುಂಬ: ವಂಶವೃಕ್ಷ ಹುಡುಕಲು ಹಂತ ಹಂತದ ಮಾರ್ಗದರ್ಶಿ

ಸೊಸೆಯೋ ಅಳಿಯನೋ ಅಮೆರಿಕದವರಾಗಿರುವ ಕನ್ನಡದ ಮನೆಗಳು ಈಗ ಸಾಕಷ್ಟಿವೆ. ಮೊಮ್ಮಗುವಿನ ವಂಶವೃಕ್ಷ ಬರೆಯಲು ಕೂತರೆ ಬೀಗರ ಕಡೆಯದು ಕಂಪ್ಯೂಟರಿನಲ್ಲಿ ಸರಸರನೆ ಏರುತ್ತಾ ಹೋಗುತ್ತದೆ. 1900 ಸಿಕ್ಕಿತು, 1880 ಸಿಕ್ಕಿತು. 1850ರ ಹತ್ತಿರ ಬಂದಾಗ ಗಾಡಿ ನಿಂತಿತು. ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ: ಅದೇ ಹೆಸರಿನ ಯಾರನ್ನೋ ತಂದು ಅಪ್ಪ ಅಂತ ಅಂಟಿಸಿಬಿಡುವುದು.

ಮಗ, ಅಪ್ಪ, ಅಜ್ಜ ಅಂತ ಒಂದೇ ಗೆರೆ ಹಿಡಿದು ಏರುವುದೇ ಈ ತಪ್ಪಿನ ಮೂಲ. ಎಂಟು ಹತ್ತು ಮಕ್ಕಳಿದ್ದ ಮನೆಯಲ್ಲಿ ನಿಮ್ಮವನ ಅಪ್ಪ ಅಮ್ಮನ ಹೆಸರು ಅವನ ದಾಖಲೆಯಲ್ಲಿ ಸಿಗದೆ, ಅವನ ಕೊನೇ ತಂಗಿಯ ಮರಣಪತ್ರದಲ್ಲಿ ಸಿಗಬಹುದು. ಹಾಗಾಗಿ ಮೊದಲು ಅಡ್ಡಕ್ಕೆ ಹರಡಿ, ಒಡಹುಟ್ಟಿದವರನ್ನೆಲ್ಲ ಹಿಡಿಯಿರಿ. ಆಮೇಲೆ ಮೇಲಕ್ಕೆ ಏರಿ.

ಉದಾಹರಣೆಗೆ ಬೀಚರ್ ಕುಟುಂಬವನ್ನು ಇಟ್ಟುಕೊಂಡಿದ್ದೇನೆ. ಪಾದ್ರಿ ಲೈಮನ್ ಬೀಚರ್ (1775–1863) ಮೂರು ಮದುವೆಯಾದವರು, ಮೊದಲ ಇಬ್ಬರು ಹೆಂಡತಿಯರಲ್ಲಿ ಒಟ್ಟು 13 ಮಕ್ಕಳು. ಈ ಮನೆತನದ ಬಗ್ಗೆ ಎಲ್ಲವೂ ಚೆನ್ನಾಗಿ ದಾಖಲಾಗಿದೆ. ಆದರೂ ಹೊಸಬರು ಬೀಳುವ ಹೆಚ್ಚಿನ ಗುಂಡಿಗಳೆಲ್ಲ ಇದರಲ್ಲೇ ಇವೆ.

ಬೇಕಾಗುವ ಸಾಮಾನು

ಫ್ಯಾಮಿಲಿಸರ್ಚ್‌ನಲ್ಲಿ ಉಚಿತ ಖಾತೆ ತೆರೆಯಿರಿ, ಇದು ವಂಶದ ಹಳೇ ದಾಖಲೆಗಳನ್ನು ಹುಡುಕುವ ತಾಣ. ಭಾರತದಲ್ಲಿ ಕೂತೂ ಬಳಸಬಹುದು. ಕೆಲವು ದಾಖಲೆಗಳ ಚಿತ್ರ ಮಾತ್ರ ಅವರ ಕೇಂದ್ರಗಳಲ್ಲಿ ಅಥವಾ ಅವರ ಜೊತೆ ಒಪ್ಪಂದವಿರುವ ಗ್ರಂಥಾಲಯಗಳಲ್ಲಿ ತೆರೆಯುತ್ತದೆ. ಅದೇ ಥರದ ಇನ್ನೊಂದು ತಾಣ ಆನ್ಸೆಸ್ಟ್ರಿಗೆ ದುಡ್ಡು ಕೊಡಬೇಕು. ಅಮೆರಿಕದಲ್ಲಿದ್ದರೆ ಮೊದಲು ನಿಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿ. ಎಷ್ಟೋ ಕಡೆ ಅಲ್ಲೇ ಪುಕ್ಕಟೆ ನೋಡಬಹುದು. ಸಮಾಧಿಗಳಿಗೆ ಫೈಂಡ್ ಎ ಗ್ರೇವ್, ಹಳೇ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ, ಸರ್ಕಾರ ಮಂಜೂರು ಮಾಡಿದ ಜಮೀನಿಗೆ ಜನರಲ್ ಲ್ಯಾಂಡ್ ಆಫೀಸ್‌ನ ತಾಣ. ಮೂರೂ ಉಚಿತ.

ಇದರ ಜೊತೆ ಒಂದು ಸ್ಪ್ರೆಡ್‌ಶೀಟ್. ಒಂದೊಂದು ದಂಪತಿಗೂ ಒಂದೊಂದು ಹಾಳೆ. ಪ್ರತಿ ಸಾಲಿನ ಎದುರು ಮಾಹಿತಿ ಎಲ್ಲಿ ಸಿಕ್ಕಿತು ಅಂತ ಅವತ್ತೇ ಬರೆಯಿರಿ. "ಆಮೇಲೆ ಬರೆದರಾಯ್ತು" ಅಂದರೆ ಕೆಲಸ ಕೆಟ್ಟಂತೆ.

ಹಂತ 1: ಮನೆಯಲ್ಲಿರುವುದನ್ನು ಮೊದಲು ನೋಡಿ

ಬೀಗರ ಮನೆಯಲ್ಲಿ ಹಿರಿಯರಿದ್ದರೆ ಅವರಿಂದ ಶುರು ಮಾಡಿ. ಹಳೇ ಫೋಟೋಗಳ ಹಿಂಬದಿ, ಅಂತ್ಯಕ್ರಿಯೆಯ ಕಾರ್ಡು, ಪತ್ರಗಳು, ಮುಖ್ಯವಾಗಿ ಮನೆಯ ಬೈಬಲ್. ಹಳೇ ಬೈಬಲ್‌ಗಳ ಮಧ್ಯೆ ಹುಟ್ಟು, ಮದುವೆ, ಸಾವು ಬರೆಯಲೆಂದೇ ಹಾಳೆಗಳಿರುತ್ತಿದ್ದವು.

ಆ ಹಾಳೆಯ ಫೋಟೋ ತೆಗೆಯುವಾಗ ಬೈಬಲ್‌ನ ಮುಖಪುಟದ ಫೋಟೋವನ್ನೂ ತೆಗೆಯಿರಿ. ಮುದ್ರಣದ ವರ್ಷ ಇರುವುದು ಅಲ್ಲೇ. ಬೈಬಲ್ ಅಚ್ಚಾದದ್ದು 1868ರಲ್ಲಿ, ಹುಟ್ಟಿದ ದಿನಗಳು ಶುರುವಾಗುವುದು 1820ರಿಂದ, ಎಲ್ಲವೂ ಒಂದೇ ಕೈಬರಹ ಒಂದೇ ಶಾಯಿ ಅಂದರೆ ಏನರ್ಥ? ಯಾರೋ ಒಂದೇ ದಿನ ಕೂತು ನೆನಪಿನಿಂದ ಬರೆದಿದ್ದಾರೆ. ಸುಳ್ಳು ಅಂತಲ್ಲ, ಆದರೆ ತಾರೀಖುಗಳನ್ನು ಕಣ್ಣುಮುಚ್ಚಿ ನಂಬಬೇಡಿ.

ಹಂತ 2: ಸೆನ್ಸಸ್‌ನಲ್ಲಿ ಹಿಂದಕ್ಕೆ ಬನ್ನಿ, ಒಂದನ್ನೂ ಹಾರಿಸಬೇಡಿ

ಅಮೆರಿಕದ ಜನಗಣತಿ 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿದೆ. 72 ವರ್ಷ ಗುಟ್ಟಾಗಿಟ್ಟು ಆಮೇಲೆ ಬಿಡುಗಡೆ ಮಾಡುತ್ತಾರೆ, ಹಾಗಾಗಿ ಈಗ 1950ರವರೆಗಿನದು ನೋಡಬಹುದು. ಪ್ರತಿ ವರ್ಷದ ಗಣತಿಯಲ್ಲೂ ಕೇಳಿದ ಪ್ರಶ್ನೆ ಬೇರೆ. ಅದು ಗೊತ್ತಿಲ್ಲದೆ ಓದಿದರೆ ದಾಖಲೆಯಲ್ಲಿ ಇಲ್ಲದ್ದನ್ನು ನಾವೇ ಸೇರಿಸಿಕೊಳ್ಳುತ್ತೇವೆ.

1900ರಿಂದ ಶುರು ಮಾಡುವುದು ಒಳ್ಳೆಯದು. ಅದರಲ್ಲಿ ಹುಟ್ಟಿದ ತಿಂಗಳು ಮತ್ತು ವರ್ಷ ಎರಡೂ ಇದೆ, ಮದುವೆಯಾಗಿ ಎಷ್ಟು ವರ್ಷವಾಯಿತು ಅಂತಲೂ ಇದೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ತಾಯಂದಿರಿಗೆ ಕೇಳಿದ ಪ್ರಶ್ನೆ: ಎಷ್ಟು ಮಕ್ಕಳನ್ನು ಹೆತ್ತಿರಿ, ಎಷ್ಟು ಬದುಕಿವೆ? ಅಲ್ಲಿ 11, 7 ಅಂತ ಇದ್ದರೆ ನಿಮ್ಮ ಹಾಳೆಯಲ್ಲಿ 11 ಸಾಲು ಎಳೆಯಿರಿ. ಖಾಲಿ ಉಳಿದ ಸಾಲುಗಳೇ ನಿಮ್ಮ ಮುಂದಿನ ಕೆಲಸ. 1910ರಲ್ಲೂ ಇದೇ ಪ್ರಶ್ನೆ ಇದೆ, ಎರಡನ್ನೂ ತಾಳೆ ನೋಡಿ.

1890ರ ಗಣತಿ ಹೆಚ್ಚುಕಡಿಮೆ ಪೂರ್ತಿ ಹೋಗಿದೆ. 1921ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಬಿದ್ದ ಬೆಂಕಿಯಲ್ಲಿ ಹಾಳಾಗಿ, ಸುಮಾರು 6,000 ಹೆಸರು ಮಾತ್ರ ಉಳಿದಿವೆ. ಅದಕ್ಕಾಗಿ ಸುಮ್ನೆ ಹುಡುಕಬೇಡಿ. 1880 ಮತ್ತು 1900ರ ನಡುವಿನ ಆ 20 ವರ್ಷದ ಕಂದಕ ದಾಟಲು ರಾಜ್ಯಗಳ ಗಣತಿ ಇದೆಯಾ ನೋಡಿ. ಐಯೋವದಲ್ಲಿ 1885ರದ್ದು ಇದೆ. ಮನೆಯ ಮಗನೋ ಮಗಳೋ 1925ರವರೆಗೆ ಐಯೋವದಲ್ಲಿ ಬದುಕಿದ್ದರೆ ಅದೃಷ್ಟ ಅನ್ನಬೇಕು. ಆ ವರ್ಷದ ರಾಜ್ಯ ಗಣತಿಯಲ್ಲಿ ಅಪ್ಪನ ಹೆಸರು, ಅಮ್ಮನ ತವರಿನ ಹೆಸರು ಎರಡನ್ನೂ ಕೇಳಿದ್ದರು.

1880ರಲ್ಲಿ ಮೊದಲ ಸಲ ಮನೆಯ ಯಜಮಾನನಿಗೆ ಪ್ರತಿಯೊಬ್ಬರೂ ಏನಾಗಬೇಕು ಅಂತ ಬರೆದರು. ಅಪ್ಪ ಅಮ್ಮ ಹುಟ್ಟಿದ ರಾಜ್ಯವನ್ನೂ ಬರೆದರು. ಇದಕ್ಕೆ ಹಿಂದಿನ 1850, 1860, 1870ರಲ್ಲಿ ಹೆಸರುಗಳಿವೆ, ಸಂಬಂಧ ಇಲ್ಲ. ಜನ ಎಡವುವುದು ಜಾಸ್ತಿ ಇಲ್ಲೇ. 45 ವರ್ಷದ ಗಂಡಸು, 30ರ ಹೆಂಗಸು, ಆರು ಮಕ್ಕಳು ಕಂಡ ತಕ್ಷಣ ಗಂಡ, ಹೆಂಡತಿ, ಅವರ ಮಕ್ಕಳು ಅಂತ ಬರೆದುಬಿಡುತ್ತಾರೆ. ಆಕೆ ಎರಡನೇ ಹೆಂಡತಿ ಇರಬಹುದು, ತಂಗಿ ಇರಬಹುದು. ಮಕ್ಕಳಲ್ಲಿ ಇಬ್ಬರು ಸತ್ತ ಅಣ್ಣನ ಮಕ್ಕಳಿರಬಹುದು.

ಒಂದು ಗುರುತು ಹೇಳುತ್ತೇನೆ. ಮಕ್ಕಳನ್ನು ಸಾಮಾನ್ಯವಾಗಿ ದೊಡ್ಡವರಿಂದ ಚಿಕ್ಕವರಿಗೆ ಬರೆಯುತ್ತಿದ್ದರು. 16, 14, 11, 8 ಅಂತ ಇಳಿಯುತ್ತಾ ಬಂದು ಮತ್ತೆ 13, 9 ಅಂತ ಮೇಲೆ ಹೋಗಿ ಇಳಿದರೆ ಅಲ್ಲಿ ಎರಡು ಗುಂಪು ಮಕ್ಕಳಿದ್ದಾರೆ ಅಂತ ಅನುಮಾನ ಪಡಿ. ಅಮ್ಮನ ವಯಸ್ಸಿನಿಂದ ದೊಡ್ಡ ಮಗುವಿನ ವಯಸ್ಸು ಕಳೆದು ನೋಡಿ. 14 ಬಂದರೆ ಆಕೆ ಹೆತ್ತ ತಾಯಿ ಅಲ್ಲದಿರುವ ಸಾಧ್ಯತೆಯೇ ಹೆಚ್ಚು.

ಹೆಸರು ಸಿಗದಿದ್ದರೆ ಮನೆತನದ ಹೆಸರನ್ನೇ ಬಿಟ್ಟು ಹುಡುಕಿ. ಬರೀ ಮೊದಲ ಹೆಸರು, ವಯಸ್ಸು, ಹುಟ್ಟಿದ ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಸಾಕು. ಗಣತಿಯವನು ಕಿವಿಗೆ ಕೇಳಿಸಿದಂತೆ ಬರೆದಿರುತ್ತಾನೆ. ಉಚ್ಚಾರ ನೋಡಿ ಹೆಸರುಗಳನ್ನು ಗುಂಪು ಮಾಡುವ ಸೌಂಡೆಕ್ಸ್ ಅನ್ನುವ ಪಟ್ಟಿ ಸ್ಮಿತ್ ಮತ್ತು ಶ್ಮಿಟ್ ಎರಡನ್ನೂ ಒಂದೇ ಗುಂಪಿಗೆ ಹಾಕುತ್ತದೆ, ಆದರೆ ಮೊದಲ ಅಕ್ಷರ ಬೇರೆಯಾದರೆ ಅದೂ ಕೈಕೊಡುತ್ತದೆ. ಕೈಬರಹದ ಮೊಟಕು ರೂಪಗಳೂ ನೆನಪಿರಲಿ: ಜೆ, ಎನ್, ಓ ಇದ್ದರೆ ಅದು ಜಾನ್, ಜೆ, ಎ, ಎಸ್ ಇದ್ದರೆ ಜೇಮ್ಸ್. ಪಾಲಿ ಅಂದರೆ ಮೇರಿ ಇರಬಹುದು, ಪೆಗ್ಗಿ ಅಂದರೆ ಮಾರ್ಗರೆಟ್, ಸ್ಯಾಲಿ ಅಂದರೆ ಸಾರಾ, ಪ್ಯಾಟ್ಸಿ ಅಂದರೆ ಮಾರ್ಥಾ.

ಹಂತ 3: ಎರಡು ಗಣತಿಯ ನಡುವೆ ಬಂದುಹೋದ ಮಕ್ಕಳು

ಒಂದು ಗಣತಿಯ ನಂತರ ಹುಟ್ಟಿ ಇನ್ನೊಂದಕ್ಕೆ ಮುಂಚೆ ತೀರಿಕೊಂಡ ಮಗು ಯಾವ ಗಣತಿಯಲ್ಲೂ ಇರುವುದಿಲ್ಲ. ಬೀಚರ್ ಮನೆಯ ಮಗಳು, ಪ್ರಸಿದ್ಧ ಲೇಖಕಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ಮಕ್ಕಳನ್ನೇ ನೋಡಿ. ಸ್ಯಾಮ್ಯುಯೆಲ್ ಚಾರ್ಲ್ಸ್ 1848ರಲ್ಲಿ ಹುಟ್ಟಿ 1849ರ ಜುಲೈನಲ್ಲಿ ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ ಕಾಲರಾದಿಂದ ತೀರಿಕೊಂಡ. ಮುಂದಿನ ಮಗ ಚಾರ್ಲ್ಸ್ ಎಡ್ವರ್ಡ್ ಹುಟ್ಟಿದ್ದು 1850ರ ಜುಲೈನಲ್ಲಿ, ಮೇಯ್ನ್ ರಾಜ್ಯದ ಬ್ರನ್ಸ್‌ವಿಕ್‌ನಲ್ಲಿ. 1850ರ ಗಣತಿಯ ಲೆಕ್ಕದ ದಿನ ಜೂನ್ 1. ಗಣತಿಯವನು ಆಗಸ್ಟ್‌ನಲ್ಲಿ ಬಂದರೂ ಜೂನ್ 1ರಂದು ಯಾರಿದ್ದರೋ ಅವರನ್ನು ಮಾತ್ರ ಬರೆಯಬೇಕಿತ್ತು. ಅಂದರೆ ನಿಯಮದ ಪ್ರಕಾರ ಈ ಇಬ್ಬರು ಮಕ್ಕಳೂ ಆ ವರ್ಷದ ಪಟ್ಟಿಗೆ ಸೇರುವವರಲ್ಲ.

ಇಂಥ ಮಕ್ಕಳಿಗೆ ಮೂರು ಕಡೆ ಹುಡುಕಿ. ಮೊದಲನೆಯದು ಮರಣ ಪಟ್ಟಿ. 1850ರಿಂದ 1880ರವರೆಗಿನ ಗಣತಿಗಳ ಜೊತೆ, ಹಿಂದಿನ 12 ತಿಂಗಳಲ್ಲಿ ಸತ್ತವರ ಪ್ರತ್ಯೇಕ ಪಟ್ಟಿ ಮಾಡಿದ್ದರು. ಸ್ಯಾಮ್ಯುಯೆಲ್ ಸತ್ತ ದಿನ 1850ರ ಪಟ್ಟಿಯ ಅವಧಿಯೊಳಗೇ ಬರುತ್ತದೆ. ಹುಡುಕಬೇಕಾದ್ದು ಒಹಾಯೊದಲ್ಲಿ, ಮೇಯ್ನ್‌ನಲ್ಲಲ್ಲ. ಎರಡನೆಯದು ಸ್ಮಶಾನ: ಅಪ್ಪ ಅಮ್ಮನ ಕಲ್ಲಿನ ಅಕ್ಕಪಕ್ಕದ ಚಿಕ್ಕ ಕಲ್ಲುಗಳು. ಮೂರನೆಯದು ಚರ್ಚಿನ ದೀಕ್ಷಾಸ್ನಾನದ ಪುಸ್ತಕ.

ಸಮಾಧಿಯ ಮೇಲೆ ಹುಟ್ಟಿದ ದಿನ ಬರೆಯದೆ ವಯಸ್ಸು ಕೆತ್ತಿರುವುದು ಆಗ ಮಾಮೂಲು. 1871ರ ಮಾರ್ಚ್ 14ರಂದು ನಿಧನ, ವಯಸ್ಸು 63 ವರ್ಷ 5 ತಿಂಗಳು 20 ದಿನ ಅಂತ ಇದೆ ಅಂದುಕೊಳ್ಳಿ. ಮೊದಲು ವರ್ಷ ಕಳೆಯಿರಿ: 1808 ಮಾರ್ಚ್ 14. ಆಮೇಲೆ ತಿಂಗಳು: 1807 ಅಕ್ಟೋಬರ್ 14. ಕೊನೆಗೆ ದಿನ: 1807 ಸೆಪ್ಟೆಂಬರ್ 24. ಕಲ್ಲಿನ ಫೋಟೋ ಇಲ್ಲದೆ ಯಾರೋ ಟೈಪ್ ಮಾಡಿದ ತಾರೀಖು ಮಾತ್ರ ಇದ್ದರೆ ಅದನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ.

ಹಂತ 4: ಒಂದೇ ಹೆಸರಿನವರನ್ನು ಬಿಡಿಸಿ

ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಆ ಕಾಲದ ರೂಢಿ. ಲೈಮನ್ ಬೀಚರ್‌ಗೆ ಹ್ಯಾರಿಯೆಟ್ ಅನ್ನುವ ಮಗಳು 1808ರಲ್ಲಿ ಹುಟ್ಟಿ ಹಸುಗೂಸಾಗಿದ್ದಾಗಲೇ ತೀರಿಕೊಂಡಳು. 1811ರಲ್ಲಿ ಹುಟ್ಟಿದ ಮಗಳಿಗೆ ಮತ್ತೆ ಹ್ಯಾರಿಯೆಟ್ ಅಂತಲೇ ಇಟ್ಟರು. ಲೇಖಕಿಯಾದವರು ಇವರು. ಮೊದಲ ಹೆಂಡತಿ ರಾಕ್ಸಾನಾ 1816ರಲ್ಲಿ ಹೋದ ಮೇಲೆ ಬಂದ ಮಲತಾಯಿಯ ಹೆಸರೂ ಹ್ಯಾರಿಯೆಟ್. ಒಂದೇ ಮನೆಯಲ್ಲಿ ಮೂವರು! ವೆಬ್‌ಸೈಟು ತಾನಾಗಿ ತೋರಿಸುವ ಸುಳಿವನ್ನು ನೋಡದೆ ಒತ್ತಿದರೆ ಈ ಮೂವರೂ ಒಬ್ಬರಾಗಿಬಿಡುತ್ತಾರೆ.

ಸೀನಿಯರ್, ಜೂನಿಯರ್ ಅಂದರೆ ಅಪ್ಪ ಮಗ ಅಂತಲೂ ತೀರ್ಮಾನಿಸಬೇಡಿ. ಊರಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ದೊಡ್ಡವನು ಸೀನಿಯರ್, ಚಿಕ್ಕವನು ಜೂನಿಯರ್, ಅಷ್ಟೆ. ಚಿಕ್ಕಪ್ಪ ಮತ್ತು ಅಣ್ಣನ ಮಗ ಇರಬಹುದು, ಸಂಬಂಧವೇ ಇಲ್ಲದಿರಬಹುದು. ದೊಡ್ಡವನು ಸತ್ತರೆ ಜೂನಿಯರ್ ಸೀನಿಯರ್ ಆಗುವುದೂ ಉಂಟು.

ಬಿಡಿಸುವ ದಾರಿ ಇದು. ಆ ಹೆಸರಿನ ಎಲ್ಲರನ್ನೂ, ನಿಮಗೆ ಬೇಡದವರನ್ನೂ ಸೇರಿಸಿ, ಒಂದೇ ಪಟ್ಟಿಗೆ ಹಾಕಿ: ವರ್ಷ, ಊರು, ಹೆಂಡತಿಯ ಹೆಸರು, ಕಸುಬು, ಪಕ್ಕದ ಮನೆಯವರು, ಸಾಕ್ಷಿ ಹಾಕಿದವರು. ಹೆಂಡತಿಯ ಹೆಸರು ಮತ್ತು ನೆರೆಮನೆ, ಇವೆರಡೇ ಬಹುಪಾಲು ಗಂಟು ಬಿಡಿಸುತ್ತವೆ. ಆಗ ಜನ ಒಬ್ಬೊಬ್ಬರಾಗಿ ವಲಸೆ ಹೋಗುತ್ತಿದ್ದದ್ದು ಕಡಿಮೆ. ಅಣ್ಣತಮ್ಮಂದಿರು, ಬೀಗರು, ಒಂದೇ ಚರ್ಚಿನವರು ಸೇರಿ ಹೋಗುತ್ತಿದ್ದರು. ಒಹಾಯೊದಲ್ಲಿ ಪಕ್ಕದ ಮನೆಯಲ್ಲಿದ್ದವರೇ ಮುಂದೆ ಇಲಿನಾಯ್‌ನಲ್ಲೂ ಪಕ್ಕದಲ್ಲಿದ್ದರೆ ಸರಿಯಾದ ಮನುಷ್ಯನನ್ನೇ ಹಿಡಿದಿದ್ದೀರಿ.

ಹಂತ 5: ಹೆಂಗಸರ ತವರು ಹುಡುಕಿ

ಅರ್ಧ ವಂಶ ಇಲ್ಲೇ ಕಳೆದುಹೋಗುವುದು. ಮದುವೆಯಾದ ಮೇಲೆ ಹೆಂಗಸಿನ ಮನೆತನದ ಹೆಸರು ಬದಲಾಗುತ್ತದೆ, ಪತ್ರಿಕೆಯಲ್ಲಂತೂ ಆಕೆಯ ಮೊದಲ ಹೆಸರೂ ಇರದೆ ಗಂಡನ ಹೆಸರಿನ ಹಿಂದೆ ಮಿಸೆಸ್ ಅಂತ ಮಾತ್ರ ಇರುತ್ತದೆ. ಆದ್ದರಿಂದ ಮರಣವಾರ್ತೆ ಹುಡುಕುವಾಗ ಗಂಡನ ಹೆಸರಿನಲ್ಲೇ ಹುಡುಕಿ.

ತವರು ಸಿಗುವ ಜಾಗಗಳಲ್ಲಿ ನಾನು ಮೊದಲಿಗೆ ಹೋಗುವುದು ಮಕ್ಕಳ ಮರಣಪತ್ರಕ್ಕೆ. ಜನನ ಮರಣ ನೋಂದಣಿ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾಲಕ್ಕೆ ಶುರುವಾಯಿತು: ಮ್ಯಾಸಚೂಸೆಟ್ಸ್‌ನಲ್ಲಿ 1841, ಟೆಕ್ಸಸ್‌ನಲ್ಲಿ 1903, ಪೆನ್ಸಿಲ್ವೇನಿಯಾದಲ್ಲಿ 1906. ನಿಮ್ಮವನು 1888ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸತ್ತಿದ್ದರೆ ರಾಜ್ಯದ ಮರಣಪತ್ರ ಇರುವುದಿಲ್ಲ. ಅವನ ತಮ್ಮ 1912ರವರೆಗೆ ಬದುಕಿದ್ದರೆ ಇರುತ್ತದೆ, ಅದರಲ್ಲಿ ಅಮ್ಮನ ತವರಿನ ಹೆಸರಿಗೂ ಒಂದು ಜಾಗ ಇರುತ್ತದೆ. ಮಾಹಿತಿ ಕೊಟ್ಟವರು ಯಾರು ಅಂತ ಅಲ್ಲೇ ಕೆಳಗೆ ನೋಡಿ. ಹೆಂಡತಿ ಕೊಟ್ಟಿದ್ದರೆ ಸ್ವಲ್ಪ ನಂಬಬಹುದು. ಅಳಿಯ ಕೊಟ್ಟಿದ್ದರೆ, ಅತ್ತೆಯ ಅತ್ತೆಯ ತವರು ಅವನಿಗೇನು ಗೊತ್ತಿರುತ್ತದೆ, ಅಲ್ವಾ?

ಮಕ್ಕಳ ನಡುವಿನ ಹೆಸರು ಇನ್ನೊಂದು ಸುಳಿವು, ತಾಯಿಯ ಮನೆತನವನ್ನು ಅಲ್ಲಿ ಇಡುತ್ತಿದ್ದರು. ಆದರೆ ಇದು ಮೋಸವನ್ನೂ ಮಾಡುತ್ತದೆ. ಸ್ಟೋವ್ ದಂಪತಿಗೆ 1836ರಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಒಬ್ಬಳು ಹ್ಯಾರಿಯೆಟ್ ಬೀಚರ್, ಇನ್ನೊಬ್ಬಳು ಎಲೈಜಾ ಟೈಲರ್. ಎಲೈಜಾ ಟೈಲರ್ ಅನ್ನುವುದು ಲೇಖಕಿಯ ಗಂಡ ಕ್ಯಾಲ್ವಿನ್ ಸ್ಟೋವ್ ಅವರ ತೀರಿಹೋದ ಮೊದಲ ಹೆಂಡತಿಯ ಹೆಸರು. ಬರೀ ಹೆಸರು ನೋಡಿದವರು ಈ ಮಗುವನ್ನು ಮೊದಲ ಹೆಂಡತಿಯ ಮಗಳು ಅಂತಲೇ ಬರೆಯುತ್ತಾರೆ. ಮುಂದೆ ಹುಟ್ಟಿದ ಜಾರ್ಜಿಯಾನಾ ಮೇಗೆ ಇಟ್ಟಿದ್ದು ತಾಯಿಯ ಗೆಳತಿಯ ಹೆಸರು. ನಡುವಿನ ಹೆಸರು ಹುಡುಕಲು ಒಂದು ದಿಕ್ಕು ಕೊಡುತ್ತದೆ, ಪುರಾವೆ ಕೊಡುವುದಿಲ್ಲ.

ಅಂತರ್ಯುದ್ಧದಲ್ಲಿ (1861–65) ಉತ್ತರದ ಪರ ಹೋರಾಡಿ ಸತ್ತವನ ವಿಧವೆ ಪಿಂಚಣಿ ಕೇಳಿದ್ದರೆ ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಆ ಕಡತ ಸಿಗಬಹುದು. ಮದುವೆಯಾದದ್ದಕ್ಕೆ ಸಾಕ್ಷಿ, 16 ವರ್ಷದೊಳಗಿನ ಮಕ್ಕಳ ಹುಟ್ಟಿದ ದಿನ, ನೆರೆಹೊರೆಯವರ ಹೇಳಿಕೆ, ಕೆಲವೊಮ್ಮೆ ಬೈಬಲ್‌ನಿಂದ ಹರಿದ ಹಾಳೆಯೇ ಅದರಲ್ಲಿರುತ್ತದೆ. ದಕ್ಷಿಣದ ಸೈನಿಕರಿಗೆ ಪಿಂಚಣಿ ಕೊಟ್ಟಿದ್ದು ಆಯಾ ರಾಜ್ಯಗಳು, ಅವರ ಕಡತ ಅಲ್ಲಿ ಹುಡುಕಿ.

ಹಂತ 6: 1850ರ ಗೋಡೆ ದಾಟುವುದು

1790ರಿಂದ 1840ರವರೆಗಿನ ಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ. ಮಿಕ್ಕವರೆಲ್ಲ ಬರೀ ಸಂಖ್ಯೆ: ಇಷ್ಟು ವಯಸ್ಸಿನ ಗಂಡಸರು ಇಷ್ಟು, ಹೆಂಗಸರು ಇಷ್ಟು. ಹಂತ 3ರಲ್ಲಿ ತುಂಬಿದ ಹಾಳೆ ಈಗ ಕೆಲಸಕ್ಕೆ ಬರುತ್ತದೆ. 1840ರಲ್ಲಿ ನಿಮ್ಮ ಕುಟುಂಬದ ಯಾರ್ಯಾರಿಗೆ ಎಷ್ಟೆಷ್ಟು ವಯಸ್ಸಾಗಿರಬೇಕು ಅಂತ ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಗಣತಿಯ ಸಂಖ್ಯೆಗಳ ಜೊತೆ ಹೊಂದಿಸಿ. ಒಬ್ಬಿಬ್ಬರು ಹೆಚ್ಚುಕಡಿಮೆ ಆಗಬಹುದು. ನಾಲ್ಕು ಜನ ತಪ್ಪಿದರೆ ಅದು ಬೇರೆ ಮನೆ.

ಇಲ್ಲಿಂದ ಹಿಂದೆ ಕೈಹಿಡಿಯುವುದು ಕೌಂಟಿ ನ್ಯಾಯಾಲಯದ ಕಾಗದಗಳು. ಉಯಿಲು ಸಿಕ್ಕರೆ ಉಯಿಲು ಮಾತ್ರ ಓದಿ ನಿಲ್ಲಿಸಬೇಡಿ, ಆಸ್ತಿ ಹಂಚಿಕೆಯ ಇಡೀ ಕಟ್ಟು ತೆಗೆಯಿರಿ. ಬದುಕಿದ್ದಾಗಲೇ ಪಾಲು ಪಡೆದ ಮಗನ ಹೆಸರು ಉಯಿಲಿನಲ್ಲಿ ಇಲ್ಲದಿರಬಹುದು. ಉಯಿಲಿನಲ್ಲಿರುವ ಹೆಂಡತಿ ಎಲ್ಲ ಮಕ್ಕಳ ತಾಯಿ ಅನ್ನುವುದಕ್ಕೂ ಖಾತ್ರಿಯಿಲ್ಲ. ಅಪ್ಪ ಸತ್ತ ಮಕ್ಕಳನ್ನು ತಾಯಿ ಇದ್ದರೂ ಅನಾಥರೆಂದೇ ಬರೆದು, ಕೋರ್ಟು ಪಾಲಕನನ್ನು ನೇಮಿಸುತ್ತಿತ್ತು. ಆ ಪಾಲಕ ಎಷ್ಟೋ ಸಲ ತಾಯಿಯ ಅಣ್ಣನೋ ತಮ್ಮನೋ ಆಗಿರುತ್ತಾನೆ.

ಉಯಿಲು ಬರೆಯದೆ ಸತ್ತವನ ಮಕ್ಕಳು ಹುಡುಕುವವರ ಪಾಲಿಗೆ ನಿಧಿ. ಜಮೀನು ಮಾರಲು ಎಲ್ಲ ವಾರಸುದಾರರೂ ಸಹಿ ಹಾಕಬೇಕು: ಗಂಡುಮಕ್ಕಳು, ಅವರ ಹೆಂಡತಿಯರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಅವರ ಗಂಡಂದಿರು. ಇಡೀ ಸಂಸಾರ ಒಂದೇ ಕ್ರಯಪತ್ರದಲ್ಲಿ. ಆದರೆ ಸೂಚಿಯಲ್ಲಿ ಮೊದಲ ಸಹಿಯವನ ಹೆಸರು ಮಾತ್ರ ಇದ್ದು "ಮತ್ತು ಇತರರು" ಅಂತ ಮುಗಿದಿರುತ್ತದೆ. ಆ ಮೊದಲ ಹೆಸರು ಅಳಿಯನದಾಗಿದ್ದರೆ ನಿಮ್ಮ ಮನೆತನದ ಹೆಸರಿನಲ್ಲಿ ಎಷ್ಟು ಹುಡುಕಿದರೂ ಸಿಗದು. ಎಲ್ಲ ಅಳಿಯಂದಿರ ಹೆಸರಿನಲ್ಲೂ, ಕೊಂಡವರ ಮತ್ತು ಮಾರಿದವರ ಎರಡೂ ಸೂಚಿಗಳಲ್ಲಿ ನೋಡಿ. ಫ್ಯಾಮಿಲಿಸರ್ಚ್‌ನಲ್ಲಿ ಈಗ ಕೈಬರಹದ ಕ್ರಯಪತ್ರಗಳ ಒಳಗಿನ ಪದಗಳನ್ನೂ ಹುಡುಕುವ ಸೌಲಭ್ಯ ಇದೆ, ಸೂಚಿ ಕೈಕೊಟ್ಟಾಗ ಅದನ್ನು ಬಳಸಿ.

ಹುಡುಕುವ ಮೊದಲು ಆ ವರ್ಷದಲ್ಲಿ ಆ ಊರು ಯಾವ ಕೌಂಟಿಯಲ್ಲಿತ್ತು ಅಂತ ಖಚಿತ ಮಾಡಿಕೊಳ್ಳಿ. ಒಂದೇ ತೋಟದ ಮನೆಯಲ್ಲಿದ್ದವರು ಜಾಗ ಬಿಟ್ಟು ಕದಲದೆ ಮೂರು ಕೌಂಟಿಗಳ ದಾಖಲೆಯಲ್ಲಿ ಕಾಣಿಸಬಹುದು. ವೆಸ್ಟ್ ವರ್ಜೀನಿಯಾ 1863ರಲ್ಲಿ, ಮೇಯ್ನ್ 1820ರಲ್ಲಿ ಹೊಸ ರಾಜ್ಯವಾದವು; ಹಾಗಾಗಿ ಒಬ್ಬನೇ ಮನುಷ್ಯ ಒಂದು ಗಣತಿಯಲ್ಲಿ ವರ್ಜೀನಿಯಾ, ಇನ್ನೊಂದರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಹುಟ್ಟಿದವನಾಗಿರಬಹುದು. ಷಿಕಾಗೋದ ನ್ಯೂಬೆರಿ ಲೈಬ್ರರಿ ಮಾಡಿದ ಕೌಂಟಿ ಗಡಿಗಳ ನಕ್ಷೆ ಇದಕ್ಕೆ ಸಾಕು.

ಹಂತ 7: ಕುಟುಂಬ ಗುಲಾಮಗಿರಿಯಿಂದ ಬಂದದ್ದಾದರೆ

ಇಲ್ಲಿ ಕ್ರಮವೇ ಬೇರೆ. ಗುಲಾಮಗಿರಿಯಲ್ಲಿದ್ದವರ ಹೆಸರು ಬಹುಪಾಲು ಮೊದಲ ಸಲ ಬರುವುದು 1870ರ ಗಣತಿಯಲ್ಲಿ. 1850 ಮತ್ತು 1860ರ ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಅಷ್ಟೇ ಇದೆ. 1870ರಿಂದ ನೇರ ಅಲ್ಲಿಗೆ ಹಾರಬೇಡಿ. ನಡುವೆ, ಬಿಡುಗಡೆಯಾದ ಗುಲಾಮರಿಗಾಗಿ ಶುರುವಾದ ಫ್ರೀಡ್‌ಮನ್ಸ್ ಬ್ಯೂರೋ (1865–72) ಕಾಗದಗಳು ಮತ್ತು ಫ್ರೀಡ್‌ಮನ್ಸ್ ಬ್ಯಾಂಕ್ (1865–74) ಖಾತೆಗಳಿವೆ. ಬ್ಯಾಂಕಿನವರು ಗುರುತಿಗಾಗಿ ಅಪ್ಪ, ಅಮ್ಮ, ಅಣ್ಣತಮ್ಮಂದಿರ ಹೆಸರು ಕೇಳಿ ಬರೆದುಕೊಂಡಿದ್ದಾರೆ, ಕೆಲವು ಖಾತೆಗಳಲ್ಲಿ ಹಳೇ ಒಡೆಯನ ಹೆಸರೂ ಇದೆ. ಒಡೆಯ ಯಾರೆಂದು ಗೊತ್ತಾದ ಮೇಲೆ ಅವನ ಉಯಿಲು, ಆಸ್ತಿ ಪಟ್ಟಿಗಳನ್ನು ನೋಡಬೇಕು. ಮನುಷ್ಯರ ಹೆಸರಿನ ಎದುರು ಬೆಲೆ ಬರೆದಿರುವ ಕಾಗದಗಳವು. ಬಿಡುಗಡೆಯಾದವರೆಲ್ಲ ಕೊನೇ ಒಡೆಯನ ಮನೆತನದ ಹೆಸರನ್ನೇ ಇಟ್ಟುಕೊಂಡರು ಅಂತ ತಿಳಿಯಬೇಡಿ.

ಹಂತ 8: ಡಿಎನ್‌ಎ, ಕೊನೆಯಲ್ಲಿ

ಡಿಎನ್‌ಎ ಪರೀಕ್ಷೆಯಿಂದ ಶುರು ಮಾಡಿದರೆ ಸಾವಿರಾರು ಅಪರಿಚಿತ ನೆಂಟರ ಪಟ್ಟಿ ಬಂದು ಕೂರುತ್ತದೆ. ಕಾಗದದ ಕೆಲಸ ಮುಗಿದು, "ಈ ಇಬ್ಬರು ಅಣ್ಣತಮ್ಮಂದಿರೇ?" ಅನ್ನುವಂಥ ಒಂದು ಪ್ರಶ್ನೆ ಉಳಿದಾಗ ಮಾಡಿಸಿ. ಮನೆಯಲ್ಲಿ ಬದುಕಿರುವ ಅತಿ ಹಿರಿಯರದ್ದು ಮಾಡಿಸುವುದು ಮೇಲು, ತಲೆಮಾರು ಇಳಿದಂತೆ ಹಂಚಿಕೊಂಡ ಪಾಲು ಕರಗುತ್ತದೆ. ಅವರ ಒಪ್ಪಿಗೆ ಇಲ್ಲದೆ ಮಾತ್ರ ಬೇಡ.

ಹಂತ 9: ಎಲ್ಲರಿಗೂ ನಂಬರ್ ಕೊಡಿ

ಐವತ್ತು ಜನ ದಾಟಿದ ಮೇಲೆ ಹೆಸರಿನಿಂದ ಲೆಕ್ಕ ಇಡಲಾಗದು. ಮೂಲ ಪುರುಷ 1, ಅವನ ಮೂರನೇ ಮಗು 1.3, ಆ ಮಗುವಿನ ಎರಡನೇ ಮಗು 1.3.2. ಚುಕ್ಕೆ ಇಲ್ಲದೆ 132 ಅಂತ ಬರೆಯುವ ಕ್ರಮವೂ ಇದೆ, ಆದರೆ ಹತ್ತನೇ ಮಗು ಬಂದಾಗ ಅದು ಗೊಂದಲ. ದೊಡ್ಡ ಕುಟುಂಬಕ್ಕೆ ಚುಕ್ಕೆಯ ಕ್ರಮವೇ ವಾಸಿ. ಹಂತ 3ರ ಮಕ್ಕಳೆಲ್ಲ ಸಿಗುವವರೆಗೆ ನಂಬರ್ ಕೊಡಬೇಡಿ. ನಡುವೆ ಒಂದು ಮಗು ಸಿಕ್ಕರೂ ಕೆಳಗಿನವರೆಲ್ಲರ ನಂಬರ್ ಬದಲಾಗುತ್ತದೆ.

ಬೇರೆಯವರ ವೃಕ್ಷ ನಕಲು ಮಾಡುವ ಮೊದಲು

ಆನ್‌ಲೈನ್‌ನಲ್ಲಿ ನಿಮ್ಮ ಮನೆತನದ ಸಿದ್ಧ ವೃಕ್ಷ ಸಿಕ್ಕೇ ಸಿಗುತ್ತದೆ. ಇಪ್ಪತ್ತು ಕಡೆ ಒಂದೇ ಥರ ಇದೆ ಅಂದರೆ ಇಪ್ಪತ್ತು ಪುರಾವೆ ಅಂತಲ್ಲ, ಒಬ್ಬರದ್ದನ್ನು ಹತ್ತೊಂಬತ್ತು ಜನ ನಕಲು ಮಾಡಿರಬಹುದು. ಈ ಗುರುತುಗಳು ಕಂಡರೆ ಕೈ ಹಿಂದೆಗೆಯಿರಿ: ಆಧಾರ ಅಂತ ಇನ್ನೊಂದು ವೃಕ್ಷವನ್ನೇ ತೋರಿಸಿರುವುದು, ತಾಯಿ 9 ವರ್ಷಕ್ಕೋ 56 ವರ್ಷಕ್ಕೋ ಹೆತ್ತಿರುವುದು, ಐದು ತಿಂಗಳ ಅಂತರದಲ್ಲಿ ಇಬ್ಬರು ಮಕ್ಕಳು, ಮಕ್ಕಳು ಒಂದು ವರ್ಷ ಜಾರ್ಜಿಯಾದಲ್ಲಿ, ಮರುವರ್ಷ ವರ್ಮಾಂಟ್‌ನಲ್ಲಿ, ಮತ್ತೆ ಜಾರ್ಜಿಯಾದಲ್ಲಿ ಹುಟ್ಟಿರುವುದು, ಸತ್ತ ಮೇಲೂ ಗಣತಿಯಲ್ಲಿ ಹೆಸರಿರುವುದು, ನಾಲ್ಕನೇ ಮೆಟ್ಟಿಲಿಗೇ ಇಂಗ್ಲೆಂಡಿನ ರಾಜಮನೆತನ ಸೇರಿರುವುದು. 1880ರ ಆಸುಪಾಸಿನಲ್ಲಿ ಅಚ್ಚಾದ ಕೌಂಟಿ ಚರಿತ್ರೆಗಳಲ್ಲಿರುವ ಕುಟುಂಬದ ಪರಿಚಯಗಳನ್ನೂ ಇದೇ ಅನುಮಾನದಿಂದ ಓದಿ; ಚಂದಾ ಕೊಟ್ಟವರು ತಾವೇ ಹೇಳಿ ಬರೆಸಿಕೊಂಡವು ಅದರಲ್ಲಿ ಬೇಕಾದಷ್ಟಿವೆ.

ನಿಮ್ಮದೇ ವೃಕ್ಷ ಹಂಚಿಕೊಳ್ಳುವಾಗ ಬದುಕಿರುವವರ ಹೆಸರು, ಹುಟ್ಟಿದ ದಿನ ತೆಗೆದುಬಿಡಿ. ಖಾತ್ರಿಯಿಲ್ಲದ ಅಪ್ಪನನ್ನು ಜೋಡಿಸದೆ ಟಿಪ್ಪಣಿಯಲ್ಲಿಡಿ. ಒಮ್ಮೆ ಜೋಡಿಸಿ ಹೊರಗೆ ಬಿಟ್ಟರೆ ನೀವು ತಿದ್ದುವಷ್ಟರಲ್ಲಿ ಅದು ಬೇರೆಯವರ ವೃಕ್ಷ ಸೇರಿರುತ್ತದೆ.